ಬಾಳೆನಾರಿನಲ್ಲಿ ಉಳಿದ ನೀರು

ವಿಮಾನ ಮೇಲೇರುವಲ್ಲಿಂದ ಆರಂಭಿಸೋಣವೇ? ಬೇಡ. ಈ ಕಥೆಯಲ್ಲಿ ವಿಮಾನವೇ ಇಲ್ಲ. ಇರುವುದು ಮಣಿಪಾಲದ ಒಂದು ಲ್ಯಾಬು, ಅಲ್ಲಿ ಶೇಕರ್ ಎಂಬ ಯಂತ್ರ ನಡುಗಿಸುವ ಒಂದು ಅಲ್ಯೂಮಿನಿಯಂ ತಗಡು. ಅದನ್ನೇ ವಿಮಾನದ ಗೋಡೆ ಎಂದುಕೊಳ್ಳಿ. (ನಾನೂ ಹಾಗೆ ಅಂದುಕೊಂಡೇ ಬರೆಯುತ್ತಿದ್ದೇನೆ.)

೨. (ಒಂದನೆಯದನ್ನು ಹರಿದು ಹಾಕಿದೆ. ಅದರಲ್ಲಿ ಸೂರ್ಯೋದಯವಿತ್ತು.)

ದೀಕ್ಷಿತಾ ಸಂಶೋಧನಾ ವಿದ್ಯಾರ್ಥಿನಿ. ವಿಮಾನದ ಒಳಗೋಡೆಗೆ ಗ್ಲಾಸ್ ವೂಲ್, ಅಂದರೆ ಹತ್ತಿಯಂಥ ಗಾಜಿನ ಎಳೆ, ತುಂಬುತ್ತಾರೆ. ಅದು ಸದ್ದು ಹೀರುತ್ತದೆ, ತಗಡಿನ ನಡುಕವನ್ನೂ ತಗ್ಗಿಸುತ್ತದೆ. ತಗಡು ನಡುಗಿದಾಗ ಅದರ ಮೈಗಂಟಿದ ಗಾಳಿ ಅತ್ತಿತ್ತ ಓಡಿ, ಎಳೆಗಳಿಗೆ ಉಜ್ಜಿ ಸುಸ್ತಾಗುತ್ತದೆ. ಆ ಕೆಲಸವನ್ನು ಬಾಳೆನಾರೂ ಮಾಡೀತು ಎಂಬುದು ದೀಕ್ಷಿತಾಳ ಹಟ. ಇವತ್ತು ತೋರಿಸದಿದ್ದರೆ ಗೈಡ್ ರೊಸಾರಿಯೊ ಸರ್ ಅವಳ ವಿಷಯವನ್ನೇ ಬದಲಿಸುತ್ತಾರೆ.

೩. ತಗಡಿಗೆ ಬಾಳೆನಾರಿನ ಹಾಸು ಹಚ್ಚಿದ್ದೇ ಕಂಪನ ಅರ್ಧಕ್ಕರ್ಧ ಇಳಿಯಿತು. ದೀಕ್ಷಿತಾ ಕುಣಿದಳು. ಕಥೆ ಮುಗಿಯಿತೆಂದು ನಾನು ಚಹಾಕ್ಕೆ ಎದ್ದೆ. ಸರ್ ಹಾಸನ್ನು ಕಿತ್ತು ತಕ್ಕಡಿಗಿಟ್ಟರು.

"ಎಂತ ಮಾರಾಯ್ತಿ ಇಷ್ಟು ಭಾರ? ಇದನ್ನು ಹೊತ್ತು ವಿಮಾನ ಹಾರುವುದುಂಟಾ?"

ಅಂಗೈ ಪ್ಯಾಂಟಿಗೆ ಒರೆಸಿಕೊಂಡರು. ಒದ್ದೆ. ತಗಡನ್ನು ಸುಮ್ಮನಾಗಿಸಿದ್ದು ನಾರೋ, ನೀರಿನ ಭಾರವೋ?

೪. ಹಾಸು ಕಟ್ಟಿಕೊಟ್ಟದ್ದು ದೀಕ್ಷಿತಾಳ ದೊಡ್ಡಮ್ಮ, ಶಂಕರಪುರದ ಕುಶಲಾ. ನಲವತ್ತು ವರ್ಷ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಕೈ ಅದು. ನಾರು ಮುಟ್ಟುವ ಮೊದಲೇ ನೀರು ಚಿಮುಕಿಸುತ್ತದೆ. ಬಾಡದಿರಲಿ ಎಂದು ಬಾಳೆಲೆಯಲ್ಲಿ ಸುತ್ತಿಯೂ ಕೊಟ್ಟಿದ್ದರು.

ಈ ಕಥೆಯ ಕರಡಿನಲ್ಲಿ, ನಾರು ಒದ್ದೆ ಮಾಡಿದ್ದಕ್ಕೆ ಅವರಿಂದ ಕ್ಷಮೆ ಕೇಳಿಸಿದ್ದೆ. ಅವರು ನನಗೇ ಫೋನ್ ಮಾಡಿದರು.

"ಒಣ ನಾರು ತುಂಡಾಗ್ತದೆ. ನೀವು ಒಂದು ಚೆಂಡು ಮಲ್ಲಿಗೆ ಕಟ್ಟಿದ್ದುಂಟಾ?"

"ಇಲ್ಲ."

"ಮತ್ತೆ ಎಂತ ಬರೆಯುವುದು ನೀವು?"

(ಕರಡು ಬಿಟ್ಟೆ.)

೫. ಕೊನೆಗಳು ಎರಡುಂಟು. ಕ: ಸರ್ ವಿಷಯ ಬದಲಿಸುತ್ತಾರೆ. ಖ: ಒಣಗಿದ ನಾರು ಗ್ಲಾಸ್ ವೂಲನ್ನು ಸೋಲಿಸುತ್ತದೆ, ಪ್ರಶಸ್ತಿ, ಶಾಲು, ಫೋಟೊ. (ಖ ಬರೆಯುವಾಗ ನನಗೇ ನಾಚಿಕೆಯಾಯಿತು.)

ದೀಕ್ಷಿತಾ ಎರಡನ್ನೂ ಓದಲಿಲ್ಲ. ಹಾಸನ್ನು ಬಿಸಿಲಿಗೆ ಹರಡಿದಳು. ದೊಡ್ಡಮ್ಮನಿಗೆ ಕೊಡುವ ಮೊದಲೇ ಒಣ ನಾರಿನ ತೂಕ ಬರೆದಿಟ್ಟಿದ್ದಳು. ಅರ್ಧ ಗಂಟೆಗೊಮ್ಮೆ ತೂಗಿ, ತಗಡಿಗೆ ಹಚ್ಚಿ, ನಡುಗಿಸಿ ಅಳೆಯತೊಡಗಿದಳು. ನೀರು ಹೋದಂತೆ ನಡುಕ ಎಷ್ಟು ಮರಳುತ್ತದೆ? ತಗ್ಗಿದ್ದರಲ್ಲಿ ನಾರಿನ ಪಾಲಿಗೆ ಎಷ್ಟು ಉಳಿಯುತ್ತದೆ? ಗ್ರಾಫಿನಲ್ಲಿ ಮೂರು ಚುಕ್ಕಿ ಬಿದ್ದಾಗ ಸರ್ ಇಣುಕಿದರು.

"ಸಂಜೆಯವರೆಗೆ ನೋಡುವ," ಎಂದು ಕುರ್ಚಿ ಎಳೆದುಕೊಂಡರು.

ನಾಲ್ಕನೆಯ ಚುಕ್ಕಿ ನಾನೇ ಇಡಲೇ ಎಂದು ಕೇಳಿದೆ.

"ನಿಮಗೆ ಎಂತ ಅರ್ಜೆಂಟು? ಇನ್ನೂ ಹನ್ನೆರಡು ಗ್ರಾಂ ನೀರುಂಟು," ಎಂದಳು ದೀಕ್ಷಿತಾ, ಹಾಸನ್ನು ಮಗುಚಿ ಹಾಕುತ್ತ.