ಅಮ್ಮನ ಲಾಗಿನ್

ಆಫೀಸಿನಲ್ಲಿ ನಾನು ಅಮ್ಮನನ್ನು ‘ಮೇಡಂ’ ಅಂತಲೇ ಕರೆಯುತ್ತಿದ್ದೆ. ಅಲ್ಲಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ನನ್ನನ್ನು ಅವಳು ‘ಕಂಪ್ಯೂಟರ್‌ನವರು’ ಅನ್ನುತ್ತಿದ್ದಳು. ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದು, ಎರಡನೇ ಮಹಡಿಯ ಬಾಗಿಲು ದಾಟುತ್ತಿದ್ದ ಹಾಗೆ ಇಬ್ಬರೂ ಬಹುವಚನಕ್ಕೆ ಏರಿಬಿಡುತ್ತಿದ್ದೆವು. ಉಪಸಂಪಾದಕ ಉದ್ದಣ್ಣನಿಗೆ ಇದನ್ನು ನೋಡುವುದೇ ಮೋಜು. “ಮೇಡಂ, ನಿಮ್ಮ ಊಟದ ಡಬ್ಬಿ ಕಂಪ್ಯೂಟರ್‌ನವರ ಬ್ಯಾಗಲ್ಲಿ ಹೇಗೆ ಬಂತು? ಸ್ವಲ್ಪ ವಿಚಾರಣೆ ಮಾಡಿಸಿ” ಅನ್ನುತ್ತಿದ್ದ.

ನಮ್ಮದು ದೊಡ್ಡ ಪತ್ರಿಕೆಯೇನಲ್ಲ. ಅರವತ್ತನಾಲ್ಕು ಜನ, ಒಂದು ಉದ್ದನೆಯ ಹಾಲ್, ತುದಿಯಲ್ಲಿ ಸಂಪಾದಕರ ಗಾಜಿನ ಕೋಣೆ. ಅಮ್ಮ ಅಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಮೊದಲು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಒಂದು ಅಲ್ಪವಿರಾಮಕ್ಕಾಗಿ ಇಡೀ ಪುಟವನ್ನೇ ತಡೆದು ನಿಲ್ಲಿಸುತ್ತಿದ್ದುದರಿಂದ ಹಿಂದಿನಿಂದ ಎಲ್ಲರೂ ಅವಳನ್ನು ‘ಅಲ್ಪವಿರಾಮ’ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ಬರಲು ಶುರುಮಾಡಿದಾಗ, “ನಾನು ಪೂರ್ಣವಿರಾಮ ಅಲ್ಲ ಅಂತ ನೀವೇ ಹೆಸರಿಟ್ಟಿದ್ದೀರಲ್ಲ” ಅಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಹೋದ ವರ್ಷ ಅವಳಿಗೆ ಮರೆವು ಶುರುವಾಯಿತು. ಮೊದಮೊದಲು ನಾನು ತಲೆಕೆಡಿಸಿಕೊಳ್ಳಲಿಲ್ಲ. ಕನ್ನಡಕ ಹುಡುಕುವುದು, ಕೇಳಿದ್ದನ್ನೇ ಕೇಳುವುದು ಯಾರ ಮನೆಯಲ್ಲಿ ಇಲ್ಲ? ಆದರೆ ಒಂದು ದಿನ ನಮ್ಮ ಸ್ಟಾಪ್ ಬಂದಾಗ ಅವಳು ಏಳಲಿಲ್ಲ. “ಇಳಿ ಅಮ್ಮ” ಅಂದರೆ, “ಇಲ್ಲೇನಾ?” ಅಂತ ಕಿಟಕಿಯಾಚೆ ನೋಡಿದಳು. ಈ ಮನೆಗೆ ಬಂದಾಗಿನಿಂದ, ಹನ್ನೆರಡು ವರ್ಷ, ಇಳಿಯುತ್ತಿದ್ದ ಸ್ಟಾಪ್ ಅದು.

ಡಾಕ್ಟರು ಪರೀಕ್ಷೆ ಎಲ್ಲ ಮುಗಿಸಿ, ಅಮ್ಮನನ್ನು ತೂಕ ನೋಡಿಸಲು ಆಚೆ ಕಳಿಸಿ, ನನ್ನೊಬ್ಬಳಿಗೆ ಹೇಳಿದರು. “ಇದು ವಾಪಸ್ ಹೋಗೋ ಕಾಯಿಲೆ ಅಲ್ಲ. ಕೈಗೆ ಅಂಟಿರೋ ಕೆಲಸ ಇನ್ನೂ ಸ್ವಲ್ಪ ಕಾಲ ಉಳಿಯುತ್ತೆ. ಹೊಸದು ಅಂಟಲ್ಲ. ಅವರ ದಿನಚರಿನ ಆದಷ್ಟು ಅಲುಗಾಡಿಸಬೇಡಿ.” ಆಮೇಲೆ, “ಅವರಿಗೆ ಹೇಳಿ. ಹೇಳೋದು ಒಳ್ಳೇದು” ಅಂದರು.

ಮೆಟ್ಟಿಲಿಳಿಯುವಾಗ ಅಮ್ಮ ಕೇಳಿದಳು. “ಏನಂದ್ರು?”

“ನಿಶ್ಶಕ್ತಿ ಅಂತೆ. ಮಾತ್ರೆ ಬರ್ದಿದ್ದಾರೆ.”

“ಅಷ್ಟಕ್ಕೆ ಇಷ್ಟು ಹೊತ್ತಾ?” ಅಂದಳು. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಯಾಕೆಂದರೆ ಕರಡಿನ ಮುಂದೆ ಕೂತರೆ ಅವಳು ಹಳೆಯ ಅಮ್ಮನೇ. ಬೆಳಗಿನ ತಿಂಡಿ ಏನು ಅಂತ ನೆನಪಿಲ್ಲದವಳು ‘ಉಚ್ಛ’ ಅಂತ ಬರೆದ ವರದಿಗಾರನನ್ನು ಹಾಲ್‌ನ ಆಚೆ ತುದಿಯಿಂದ ಕರೆಸಿಕೊಂಡು ಮಹಾಪ್ರಾಣದ ಪಾಠ ಮಾಡುತ್ತಿದ್ದಳು. ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಕೀಬೋರ್ಡಿನ ಕಡೆ ನೋಡದೆಯೇ ಪಾಸ್‌ವರ್ಡ್ ಒತ್ತುತ್ತಿದ್ದಳು. ಹನ್ನೊಂದು ಒತ್ತು, ನಡುವೆ ಒಂದು ಸಣ್ಣ ತಡೆ, ಆಮೇಲೆ ಎಂಟರ್. ಆ ಸದ್ದು ನನ್ನ ಮೇಜಿಗೆ ಕೇಳಿಸುತ್ತಿತ್ತು. ಪಾಸ್‌ವರ್ಡ್ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮಂಥವರಿಗೂ ಅದು ಕಾಣುವುದಿಲ್ಲ, ಕಲಸಿಹೋದ ಅಕ್ಷರಗಳಷ್ಟೇ ಕಾಣುತ್ತವೆ.

ಅದಾಗಿ ಎರಡು ತಿಂಗಳಿಗೆ ಸಂಪಾದಕರು ನನ್ನನ್ನು ಕರೆದರು. ಸುದ್ದಿ ಬರೆದು, ತಿದ್ದಿ, ವೆಬ್‌ಸೈಟಿಗೆ ಏರಿಸುವ ಕಂಟೆಂಟ್ ಸಿಸ್ಟಂಗೆ ಒಂದು ಪಾಸ್‌ವರ್ಡ್, ಮೇಲ್‌ಗೆ ಇನ್ನೊಂದು, ರಜೆ ಹಾಕಲು ಮತ್ತೊಂದು. ಜನ ಚೀಟಿ ಬರೆದು ಪರದೆಗೆ ಅಂಟಿಸುತ್ತಿದ್ದರು. “ಎಲ್ಲಕ್ಕೂ ಒಂದೇ ಲಾಗಿನ್ ಮಾಡಿ. ಬೆಳಿಗ್ಗೆ ಒಂದು ಸಲ ಒಳಗೆ ಬಂದ್ರೆ ಸಂಜೆವರೆಗೂ ಯಾರೂ ಏನೂ ಕೇಳಬಾರ್ದು” ಅಂದರು. ಸಿಂಗಲ್ ಸೈನ್-ಆನ್ ಅನ್ನುವುದು ಇದಕ್ಕೇ. ಆಫೀಸಿನ ಮೇಲ್ ಖಾತೆಯೇ ಎಲ್ಲದಕ್ಕೂ ಗುರುತು. ಆ ಖಾತೆಗೆ ಬರಬೇಕಾದರೆ ಮಾತ್ರ ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತಾ ಬರುವ ಆರಂಕಿಯ ಕೋಡ್ ಹಾಕಬೇಕು.

ಕೆಲಸ ಹೊಸದಾದರೂ ಕೈಹಿಡಿಯಿತು. ಸಿಸ್ಟಂನಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಮೇಲ್ ವಿಳಾಸಕ್ಕೆ ತಾಳೆ ಹಾಕಿದೆ. ಯಾವತ್ತೋ ಕೆಲಸ ಬಿಟ್ಟವರ ಖಾತೆ ಮುಚ್ಚಿದೆ. ವರದಿಗಾರ ಬರೆಯಬಹುದು ಆದರೆ ಪ್ರಕಟಿಸುವಂತಿಲ್ಲ, ಕರಡು ತಿದ್ದುವವರು ಎರಡೂ ಮಾಡಬಹುದು, ಹೀಗೆ ಯಾರಿಗೆ ಎಷ್ಟು ಅಧಿಕಾರ ಅಂತ ಗೆರೆ ಎಳೆದೆ. ಪಟ್ಟಿಯಲ್ಲಿ ಅಮ್ಮನ ಹೆಸರು ಬಂದಾಗ ಕೈ ನಿಂತಿತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳನ್ನು ಕೂರಿಸಿಕೊಂಡೆ.

“ಫೋನಲ್ಲಿ ಒಂದು ನಂಬರ್ ಬರುತ್ತೆ ಅಮ್ಮ. ಅದನ್ನ ನೋಡಿ ಇಲ್ಲಿ ಹೊಡಿ. ಅಷ್ಟೇ.”

“ಫೋನ್ ಎಲ್ಲಿ?”

“ಕೋಣೇಲಿದೆ. ತಗೊಂಡ್ ಬಾ.”

ಹೋದವಳು ಬರಲೇ ಇಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಫೋನ್ ಪಕ್ಕದಲ್ಲೇ ಇತ್ತು. ಮತ್ತೆ ಕರೆತಂದೆ. ನಂಬರ್ ಬಂತು. “ಯಾರ ನಂಬರ್ ಇದು? ವಾಪಸ್ ಫೋನ್ ಮಾಡ್ಲಾ?” ಅಂದಳು. ತಿಳಿಸಿ ಹೇಳುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದು ಅದು ಬದಲಾಗಿತ್ತು. ನಾಲ್ಕು ಭಾನುವಾರ ಹೀಗೇ ಕಳೆಯಿತು. ನಾಲ್ಕನೆಯ ಸಲ ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, “ನಾನು ಮೊದ್ಲೂ ಹೀಗೇ ದಡ್ಡಿಯಾಗಿದ್ನಾ?” ಅಂತ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

“ನೀನು ದಡ್ಡಿ ಅಲ್ಲ. ಇದೇ ಕೆಟ್ಟದಾಗಿದೆ” ಅಂದೆ.

ಹೊಸ ವ್ಯವಸ್ಥೆಯಲ್ಲಿ ಒಂದು ವಿನಾಯಿತಿ ಪಟ್ಟಿ ಇರುತ್ತದೆ. ಯಾವಾಗಲಾದರೂ ಹೊಸ ಲಾಗಿನ್ ಕೈಕೊಟ್ಟರೆ ಹಳೆಯ ಪಾಸ್‌ವರ್ಡಿನಿಂದಲೇ ಒಳಬರಲಿ ಅಂತ ಒಂದು ತುರ್ತು ಖಾತೆಯನ್ನು ಅದರಲ್ಲಿ ಇಡುತ್ತಾರೆ. ನಾನು ಅದರ ಕೆಳಗೆ ಅಮ್ಮನ ಖಾತೆಯನ್ನೂ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ಸಂಪಾದಕರಿಗೆ ಕೊಟ್ಟ ವರದಿಯಲ್ಲಿ ‘ಅರವತ್ತನಾಲ್ಕು ಜನರೂ ಹೊಸ ಲಾಗಿನ್‌ಗೆ ಬಂದಿದ್ದಾರೆ’ ಅಂತ ಬರೆದೆ.

ಸೋಮವಾರ ಹೊಸ ಲಾಗಿನ್ ಶುರುವಾಯಿತು. ಉದ್ದಣ್ಣ ಚೀಟಿಗಳನ್ನೆಲ್ಲ ಕಿತ್ತು ಉಂಡೆಮಾಡಿ ಕಸದ ಬುಟ್ಟಿಗೆಸೆದು ಚಪ್ಪಾಳೆ ತಟ್ಟಿದ. ಅಮ್ಮ ಎಂದಿನಂತೆ ಬಂದು ಕನ್ನಡಕ ಏರಿಸಿ ಹನ್ನೊಂದು ಸಲ ಒತ್ತಿದಳು, ಒಳಗೆ ಹೋದಳು. ನನಗೆ ಉಸಿರು ಬಂತು.

ಮೂರು ವಾರ ಕಳೆಯಿತು. ನಾಲ್ಕನೇ ವಾರದ ಬುಧವಾರ ಬೆಳಿಗ್ಗೆ ಏಳಕ್ಕೆ ಉದ್ದಣ್ಣನ ಫೋನ್. “ಸೈಟ್ ನೋಡಿದ್ರಾ? ಬೇಗ ನೋಡಿ.”

ಮುಖಪುಟದ ಮೇಲ್ಗಡೆಯೇ ಇತ್ತು: ‘ನಲ್ಲಿ ನೀರಿನಲ್ಲಿ ವಿಷ ಪತ್ತೆ, ಯಾರೂ ಕುಡಿಯಬಾರದು.’ ನಮ್ಮಲ್ಲಿ ಯಾರೂ ಬರೆಯದ ಸುದ್ದಿ. ಪ್ರಕಟಿಸಿದವರು ಅನ್ನುವ ಕಡೆ ಅಮ್ಮನ ಹೆಸರು. ನಾನು ತೆಗೆದುಹಾಕುವಷ್ಟರಲ್ಲಿ ಐವತ್ತು ನಿಮಿಷ ಆಗಿತ್ತು. ಅಷ್ಟರಲ್ಲಿ ಅಂಗಡಿಗಳ ಮುಂದೆ ನೂಕುನುಗ್ಗಲು. ಶಾಲೆಗಳು ಮಕ್ಕಳನ್ನು ವಾಪಸ್ ಕಳಿಸಿದವು. ಗರ್ಭಿಣಿಯೊಬ್ಬಳು ಗುಂಪಿನಲ್ಲಿ ಬಿದ್ದು ಆಸ್ಪತ್ರೆ ಸೇರಿದಳು. ಮಗು ಉಳಿಯಿತು ಅನ್ನುವ ಸುದ್ದಿ ಸಂಜೆ ಬರುವವರೆಗೆ ನಾನು ಒಂದು ತುತ್ತೂ ಬಾಯಿಗಿಡಲಿಲ್ಲ.

ಹತ್ತು ಗಂಟೆಗೆ ಗಾಜಿನ ಕೋಣೆಯಲ್ಲಿ ನಾಲ್ಕೇ ಜನ. ಸಂಪಾದಕರು, ಉದ್ದಣ್ಣ, ಅಮ್ಮ, ನಾನು.

“ಮೇಡಂ, ನಿನ್ನೆ ಯಾರಾದ್ರೂ ನಿಮ್ಮ ಪಾಸ್‌ವರ್ಡ್ ಕೇಳಿದ್ರಾ?” ಅಂತ ಸಂಪಾದಕರು ಶುರುಮಾಡಿದರು.

“ಇಲ್ಲ.”

ಉದ್ದಣ್ಣ ತಲೆ ತಗ್ಗಿಸಿದ. “ಮೇಡಂ, ಸಂಜೆ ನಾಲ್ಕಕ್ಕೆ ಟೇಬಲ್ ಫೋನಲ್ಲಿ ಯಾರ ಹತ್ರನೋ ಅಕ್ಷರ ಬಿಡಿಸಿ ಬಿಡಿಸಿ ಹೇಳ್ತಿದ್ರಿ. ನಾನು ಯಾವ್ದೋ ತಿದ್ದುಪಡಿ ಇರ್ಬೇಕು ಅಂದ್ಕೊಂಡೆ. ‘ಕಂಪ್ಯೂಟರ್ ವಿಭಾಗದವರಾ, ಬರ್ಕೊಳಿ’ ಅಂದ್ರಿ.”

“ನಾನಾ?” ಅಮ್ಮ ನಕ್ಕಳು. “ನಾನು ಯಾಕೆ ಹೇಳ್ಲಿ? ಕಂಪ್ಯೂಟರ್‌ನವರು ಇಲ್ಲೇ ಕೂತಿದ್ದಾರಲ್ಲ.”

ಸಂಪಾದಕರ ಮುಖ ಬಿಗಿದುಕೊಂಡಿತು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಬೆಳಗಿನಿಂದ ನೂರು ಜನರ ಬೈಗುಳ ತಿಂದಿದ್ದರು. “ಉದ್ದಣ್ಣ ಕಿವಿಯಾರೆ ಕೇಳಿಸ್ಕೊಂಡಿದ್ದಾರೆ. ನೀವು ಇಲ್ಲ ಅಂತೀರಿ. ಇಷ್ಟು ವರ್ಷದವರು, ನಿಮ್ಮ ಬಾಯಲ್ಲಿ ಸುಳ್ಳು ಬರುತ್ತೆ ಅಂದ್ರೆ ನಾನು ಏನು ಅಂದ್ಕೊಳ್ಲಿ? ಯಾರಿಗಾದ್ರೂ ಬೇಕಂತಲೇ ಕೊಟ್ರಾ?”

ಮೂವತ್ತೊಂದು ವರ್ಷದಲ್ಲಿ ಅಮ್ಮನನ್ನು ಸುಳ್ಳಿ ಅಂದವರಿರಲಿಲ್ಲ. ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದರೆ ಅವಳು ಮೋಸಗಾರ್ತಿ. ಬಾಯಿಬಿಟ್ಟರೆ ಕಾಯಿಲೆಯವಳು. ಯೋಚಿಸಲು ಸಮಯವೇ ಇರಲಿಲ್ಲ.

“ಅಮ್ಮ ಸುಳ್ಳು ಹೇಳ್ತಿಲ್ಲ ಸರ್” ಅಂದೆ. ಆಫೀಸಿನಲ್ಲಿ ಮೊದಲ ಸಲ ನನ್ನ ಬಾಯಿಂದ ಆ ಶಬ್ದ ಬಂದಿತ್ತು. “ಅವಳಿಗೆ ನೆನಪಿಲ್ಲ. ಮರೆವಿನ ಕಾಯಿಲೆ ಇದೆ. ಐದಾರು ತಿಂಗಳಾಯ್ತು, ಡಾಕ್ಟರು ಹೇಳಿದ್ದಾರೆ. ಹೊಸ ಲಾಗಿನ್ ಅವಳ ಕೈಲಿ ಆಗ್ಲಿಲ್ಲ. ಅದಕ್ಕೆ ಅವಳ ಹಳೇ ಪಾಸ್‌ವರ್ಡ್ ನಾನೇ ಉಳಿಸಿದ್ದೆ. ನಿಮ್ಗೆ ಕೊಟ್ಟ ವರದಿ ಸುಳ್ಳು. ಸುಳ್ಳು ಹೇಳಿದ್ದು ನಾನು.”

ಉದ್ದಣ್ಣ ಎದ್ದು ಗೋಡೆಯ ಕಡೆ ತಿರುಗಿ ನಿಂತ.

ಅಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು. “ನಿಶ್ಶಕ್ತಿ ಅಂದಿದ್ಯಲ್ಲ?”

ನಾನು ಹೌದು ಅಂತ ತಲೆಯಾಡಿಸಿದೆ.

“ಮೊದ್ಲು ನಂಗೆ ಹೇಳ್ಬೇಕಿತ್ತು ಕಣೇ. ಇವರ ಮುಂದೆ ಹೇಳೋಕ್ ಮುಂಚೆ, ನಂಗೊಂದು ಮಾತು ಹೇಳ್ಬೇಕಿತ್ತು.” ಧ್ವನಿ ಏರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಪಾದಕರ ಕಡೆ ತಿರುಗಿದಳು. “ನಂದು ಮುಚ್ಚಿಸಿ. ಇವತ್ತೇ. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ.”

ಸಂಪಾದಕರು “ಮೇಡಂ, ನಾನು ಹಾಗೆ ಕೇಳಬಾರ್ದಿತ್ತು” ಅಂತ ಏನೋ ಹೇಳಲು ಹೋದರು. ಅವಳು ಕೈ ಎತ್ತಿ ತಡೆದಳು.

ನಾನೊಬ್ಬಳೇ ಹೋಗಿ ಮುಗಿಸಿಬಿಡೋಣ ಅಂದರೆ ಅಮ್ಮ ಹಿಂದೆಯೇ ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. “ಎಲ್ಲಿದೆ, ತೋರಿಸು.” ತೋರಿಸಿದೆ. ಅವಳ ಹೆಸರು, ಸೇರಿದ ದಿನ, ಅವಳು ತಿದ್ದಿದ ಲೇಖನಗಳ ಸಂಖ್ಯೆ. ಹದಿನೆಂಟು ಸಾವಿರದ ಮೇಲಿತ್ತು. ಅದರ ಕೆಳಗೆ ನಾನೇ ಕನ್ನಡದಲ್ಲಿ ಹೆಸರಿಟ್ಟಿದ್ದ ಗುಂಡಿ: ‘ಖಾತೆಯನ್ನು ನಿಷ್ಕ್ರೀಯಗೊಳಿಸಿ’.

ಅಮ್ಮ ಕನ್ನಡಕ ಏರಿಸಿ ಪರದೆಗೆ ಮುಖ ಹತ್ತಿರ ತಂದಳು. “ಕ್ರಿಗೆ ದೀರ್ಘ ಯಾಕೆ? ಕ್ರಿಯೆ, ನಿಷ್ಕ್ರಿಯ. ಯಾರು ಬರ್ದಿದ್ದು ಇದನ್ನ?”

“ನಾನೇ.”

“ಮೊದ್ಲು ಅದನ್ನ ಸರಿ ಮಾಡು. ಆಮೇಲೆ ಒತ್ತು.”

ಸರಿ ಮಾಡಿದೆ. ಕಣ್ಣು ಮಂಜಾಗಿ ದೀರ್ಘ ಅಳಿಸಲು ಎರಡು ಸಲ ಬೇಕಾಯಿತು. ಅವಳು ಓದಿ ತಲೆಯಾಡಿಸಿದ ಮೇಲೆ ಒತ್ತಿದೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆ ಪತ್ರ ಕೊಟ್ಟು, ನಾನು ಮಾಡಿದ್ದನ್ನು ತಪಾಸಣೆ ಮಾಡಲು ಹೊರಗಿನವರನ್ನು ಇಟ್ಟರು. ಸರಿಯಾದದ್ದೇ. ಫೋನ್ ಮಾಡಿದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಸಂಪಾದಕರು ಆ ವಾರವೇ ಮನೆಗೆ ಬಂದು ಅಮ್ಮನ ಕೈಹಿಡಿದು ಕ್ಷಮೆ ಕೇಳಿದರು. ಅವಳು ಚಹಾ ಮಾಡಿಕೊಟ್ಟಳು, ಸಕ್ಕರೆ ಎರಡು ಸಲ ಹಾಕಿ. ಅವರು ಪೂರ್ತಿ ಕುಡಿದರು.

ಮೊದಲ ತಿಂಗಳು, ಆಫೀಸಿಗೆ ಹೋಗುತ್ತಿದ್ದ ಆ ಮೂರು ದಿನಗಳಲ್ಲಿ ಅವಳು ಸೀರೆ ಉಟ್ಟು, ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಇವತ್ತು ರಜೆ ಅಮ್ಮ” ಅನ್ನುತ್ತಿದ್ದೆ. ಉದ್ದಣ್ಣ ಹಳೆಯ ಪುಟಗಳನ್ನು ಅಚ್ಚುಹಾಕಿಸಿ ಕಳಿಸುತ್ತಿದ್ದ. ಕಿಟಕಿ ಪಕ್ಕ ಕೂತು ತಿದ್ದುತ್ತಿದ್ದಳು. ಮೊದಮೊದಲು ತಪ್ಪುಗಳನ್ನು. ಆಮೇಲೆ ಸರಿಯಾದ ಪದಗಳ ಮೇಲೂ ಕೆಂಪು ಗೆರೆ ಬೀಳತೊಡಗಿತು. ಆಮೇಲೆ ಪೆನ್ನನ್ನು ಸುಮ್ಮನೆ ಹಿಡಿದುಕೊಂಡಿರುತ್ತಿದ್ದಳು. ಕಾಗದ ಕಳಿಸುವುದು ಬೇಡ ಅಂತ ಉದ್ದಣ್ಣನಿಗೆ ನಾನೇ ಹೇಳಿದೆ.

ಹೇಗೆ ಕ್ಷಮೆ ಕೇಳುವುದು ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಾ, “ಅಮ್ಮ, ಅವತ್ತು ಆಫೀಸಲ್ಲಿ ನಾನು ಹಾಗೆ ಮಾಡ್ಬಾರ್ದಿತ್ತು” ಅಂದೆ.

“ಯಾವತ್ತು?”

ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಆದರೂ ಮೊದಲಿನಿಂದ ಹೇಳಿದೆ. ಡಾಕ್ಟರು, ನಿಶ್ಶಕ್ತಿಯ ಸುಳ್ಳು, ಭಾನುವಾರಗಳು, ಗಾಜಿನ ಕೋಣೆ, ಒಂದನ್ನೂ ಬಿಡದೆ. ಯಾರದೋ ಮನೆಯ ಕಥೆ ಕೇಳಿದ ಹಾಗೆ ಕೇಳಿದಳು. ಮುಗಿದ ಮೇಲೆ, “ಪಾಪ, ಒಳ್ಳೇ ಕೆಲಸಗಾರ್ತಿ ಇರ್ಬೇಕು” ಅಂದಳು. “ಈಗ ಆಕೇನ ಯಾರು ನೋಡ್ಕೊಳ್ತಾರೆ?”

“ಮಗಳಿದ್ದಾಳೆ.”

“ಅವಳ ಮೇಲೆ ಕೋಪ ಇದ್ಯಂತಾ ಆಕೆಗೆ?”

“ಗೊತ್ತಿಲ್ಲ ಅಮ್ಮ” ಅಂದೆ. “ಕೇಳೋಕಾಗ್ಲಿಲ್ಲ.”

ಅವಳು ಕುತ್ತಿಗೆ ಮುಂದಕ್ಕೆ ಬಾಗಿಸಿ, ಹಿಂದಿನ ಗಂಟು ಬಿಡಿಸು, ನೋಯುತ್ತಿದೆ ಅಂದಳು. ನಾನು ಗಂಟು ಬಿಡಿಸುತ್ತಾ ನಿಂತೆ.