ಹನ್ನೆರಡನೆಯ ಗ್ರಂಥಿ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಬೆರಳಕ್ಕ ಎನ್ನುತ್ತಿದ್ದರು. ಆಪರೇಷನ್ನಿನಲ್ಲಿ ತೆಗೆದ ಭಾಗದ ಕೊಬ್ಬನ್ನು ಬೆರಳ ತುದಿಯಲ್ಲಿ ಹಿಸುಕಿ, ಅದರೊಳಗೆ ಅಡಗಿದ ದುಗ್ಧರಸ ಗ್ರಂಥಿಗಳನ್ನು, ಅಂದರೆ ಕ್ಯಾನ್ಸರ್ ಹರಡುವಾಗ ಮೊದಲು ಹೊಕ್ಕುವ ಲಿಂಫ್ ನೋಡ್‌ಗಳನ್ನು, ಹೆಕ್ಕುವುದು ಅವಳ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದವಳಿಗೆ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಇರಬೇಕಾದ್ದೇ.

ಆ ವಾರ ಬಂದದ್ದು ಒಬ್ಬ ಬಡಗಿಯದು. ಗುದನಾಳದಲ್ಲೊಂದು ಕ್ಯಾನ್ಸರ್, ಪ್ರಾಸ್ಟೇಟಿನಲ್ಲಿ ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ. ಇಬ್ಬರು ಸರ್ಜನ್‌ಗಳು ಏಳು ಗಂಟೆ ನಿಂತು ಒಂದೇ ಸಲಕ್ಕೆ ಎರಡನ್ನೂ ತೆಗೆದಿದ್ದರು. ಪ್ರಾಸ್ಟೇಟಿನ ರೋಗ ಹರಡುವ ದಾರಿಯ ಗ್ರಂಥಿಗಳು ಬೇರೆ ಬಾಟಲಿಯಲ್ಲಿ ಬಂದಿದ್ದವು. ಅವುಗಳಲ್ಲಿ ರೋಗದ ಸುಳಿವೇ ಇರಲಿಲ್ಲ. ಗುದನಾಳದ ಸುತ್ತಲ ಕೊಬ್ಬಿನಲ್ಲಿ ಹನ್ನೊಂದು ಸಿಕ್ಕವು. ಅವುಗಳಲ್ಲಿ ನಾಲ್ಕಕ್ಕೆ ಗುದನಾಳದ ಕ್ಯಾನ್ಸರ್ ತಗುಲಿತ್ತು. ಕನಿಷ್ಠ ಹನ್ನೆರಡಾದರೂ ನೋಡಬೇಕೆಂಬುದು ಲ್ಯಾಬಿನ ಪದ್ಧತಿ.

"ಸಾಕು ಬಿಡಿ ಅಕ್ಕ," ಎಂದಳು ವರದಿ ಬರೆಯುವ ಎಳೆಯ ಡಾಕ್ಟರಮ್ಮ. "ನಾಲ್ಕರಲ್ಲಿ ಸಿಕ್ಕಿದ್ಮೇಲೆ ಕೀಮೋ ಹೇಗಿದ್ರೂ ಕೊಡ್ತಾರೆ. ಇನ್ನೊಂದು ಸಿಕ್ರೆ ಏನು ಬದಲಾಗತ್ತೆ?"

"ಸಿಕ್ಮೇಲೆ ಹೇಳ್ತೀನಿ."

ಡಾಕ್ಟರಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಹನ್ನೊಂದಕ್ಕೇ ಕೈ ತೊಳೆದುಕೊಂಡು ಏಳುವುದು ಬೆರಳಕ್ಕನ ಜಾಯಮಾನವಲ್ಲ. ಸ್ಟೂಲು ಎಳೆದುಕೊಂಡು, ಆಗಲೇ ಹಿಸುಕಿ ಬಿಟ್ಟಿದ್ದ ಕೊಬ್ಬನ್ನೇ ಮತ್ತೆ ಕೈಗೆತ್ತಿಕೊಂಡಳು. ಊಟದ ಹೊತ್ತು ಮೀರಿತು, ಸೊಂಟ ಹಿಡಿದುಕೊಂಡಿತು. ಕೊನೆಗೆ ಬೆರಳಿನಡಿ ಸಾಸಿವೆಯಷ್ಟು ಗಟ್ಟಿಯಾದ ಏನೋ ಉರುಳಿತು.

ಮರುದಿನ ಡಾಕ್ಟರಮ್ಮ ಅದನ್ನು ಸೂಕ್ಷ್ಮದರ್ಶಕದಲ್ಲಿ ಎರಡು ಸಲ ನೋಡಿದಳು. ವಿಶೇಷ ಬಣ್ಣ ಹಾಕಿಸಿ ಮೂರನೇ ಸಲವೂ ನೋಡಿದಳು. ಆ ಗ್ರಂಥಿಯಲ್ಲಿದ್ದದ್ದು ಗುದನಾಳದ ಕ್ಯಾನ್ಸರ್ ಅಲ್ಲ, ಪ್ರಾಸ್ಟೇಟಿನದು. ತನ್ನ ದಾರಿ ಬಿಟ್ಟು ಇಲ್ಲಿ ಬಂದು ಬಚ್ಚಿಟ್ಟುಕೊಂಡಿತ್ತು.

ವರದಿ ತಲುಪಿದ ದಿನ ಹಿರಿಯ ಸರ್ಜನ್ ಮೆಟ್ಟಿಲಿಳಿದು ಲ್ಯಾಬಿಗೇ ಬಂದರು. ಅಲ್ಲಿಯವರೆಗೆ ಆ ಕಡೆ ತಲೆ ಹಾಕಿದವರೇ ಅಲ್ಲ.

"ಪ್ರಾಸ್ಟೇಟಿಂದು ಹರಡಿಲ್ಲ ಅಂದ್ಕೊಂಡಿದ್ವಿ. ಬರೀ ಕೀಮೋ ಕೊಟ್ಟು ಮನೆಗೆ ಕಳಿಸ್ತಿದ್ವಿ. ಈಗ ಅದಕ್ಕೂ ಹಾರ್ಮೋನ್ ಇಂಜೆಕ್ಷನ್ ಶುರು ಮಾಡ್ತೀವಿ. ಇದನ್ನ ಹುಡುಕಿದ್ದು ಯಾರು?"

"ನಾನೇ," ಎಂದಳು ಬೆರಳಕ್ಕ. ವಿನಯ ಗಿನಯ ಏನನ್ನೂ ತೋರಿಸಲಿಲ್ಲ. ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು, ಅದನ್ನು ಮುಚ್ಚಿಡುವ ಮನಸ್ಸೂ ಇರಲಿಲ್ಲ. "ಆ ಬಡಗಿ ಹೇಗಿದಾರೆ?"

"ಎದ್ದು ಕೂತಿದಾನೆ. ಹಾಸಿಗೆ ಪಕ್ಕದ ಮೇಜನ್ನ ಕೈಯಲ್ಲಿ ಸವರಿ ನೋಡಿ, ಯಾವನೋ ಮರಾನ ಸರಿಯಾಗಿ ಉಜ್ಜಿ ನುಣುಪು ಮಾಡೇ ಇಲ್ಲ ಅಂತ ಬೈತಿದಾನೆ."

"ಹಾಗಾದ್ರೆ ನಮ್ಮ ಥರದೋನೇ ಬಿಡಿ," ಎಂದಳು ಬೆರಳಕ್ಕ. "ಚೆನ್ನಾಗಿ ನೋಡ್ಕೊಳ್ಳಿ."