ತಪ್ಪಾಯ್ತು, ಇನ್ನೊಂದ್ಸಲ

ಒಂದೂರಲ್ಲಿ ಒಂದು ಮಾತಾಡುವ ಪೆಟ್ಟಿಗೆ ಇತ್ತು. ಅದಕ್ಕೆ ಕೇಳುವುದು ಗೊತ್ತಿತ್ತು, ಬಯ್ಯುವುದು ಗೊತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಕಿಟಕಿಯ ಪಕ್ಕದ ಕೋಣೆಯಲ್ಲಿ ಅದರ ವಾಸ. ಅದರ ಮುಂದೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೋರ್ಡು ಬರೆಯುವವನು ಬೆವರುತ್ತ ಕೂತಿದ್ದ.

ಪೆಟ್ಟಿಗೆ ಅಂದರೆ ತಿಂಗಳಿಗೊಮ್ಮೆ ಪ್ರಶ್ನೆ ಕೇಳುವ ಕಂಪ್ಯೂಟರು; ಅದರೊಳಗಿನ ದನಿ ಆಸ್ಪತ್ರೆಯ ಆಪ್ತಸಲಹೆಗಾರ್ತಿಯದು, ಎಲ್ಲರೂ ಅಕ್ಕ ಅನ್ನುತ್ತಿದ್ದವಳದು. ವರ್ಷಗಟ್ಟಲೆ ಇದೇ ಕೋಣೆಯಲ್ಲಿ ಎದುರು ಕೂತು ಎಲ್ಲರಿಗೂ ಬುದ್ಧಿ ಹೇಳಿದವಳು. ಇಸ್ತ್ರಿ ಅಂಗಡಿಯವಳಿಗೆ ತನಗೆ ಎಚ್‌ಐವಿ ಇರುವ ವಿಷಯ ತಿಳಿಸಿಯೇ ಮದುವೆಯಾಗುತ್ತೇನೆಂದು ಇವನು ಅಕ್ಕನಿಗೆ ಮಾತು ಕೊಟ್ಟಿದ್ದ. ಹೋದ ವರ್ಷ ಅಕ್ಕ ತೀರಿಕೊಂಡಳು. ಮಾತು ಹಾಗೇ ಉಳಿಯಿತು.

"ಈ ತಿಂಗಳು ಕಾಂಡೋಮ್ ಇಲ್ಲದೆ ಸೇರಿದ್ದುಂಟಾ?" ಅಂತು ದನಿ. 'ಇಲ್ಲ' ಒತ್ತಿದ. ಅದು ನಿಜವೇ. ಆದರೆ ನಿನ್ನೆ ಇಸ್ತ್ರಿ ಅಂಗಡಿಯವಳು, "ಬರೋ ವಾರ ಮದುವೆ. ಇನ್ನೂ ಅದ್ಯಾಕ್ರೀ? ನಂಗೊಂದು ಮಗು ಬೇಕು" ಅಂದಾಗ ಪೆದ್ದನ ಹಾಗೆ ತಲೆಯಾಡಿಸಿ ಬಂದಿದ್ದ.

"ಜೊತೆಗಾರರಿಗೆ ವಿಷಯ ಹೇಳಿದ್ದೀರಾ?"

ಮೊಳದುದ್ದದ ಅಕ್ಷರ ಬರೆಯುವ ಕೈ, ಉಗುರಿನಷ್ಟು 'ಹೌದು', 'ಇಲ್ಲ'ಗಳ ನಡುವೆ ಅತ್ತಿತ್ತ ಓಡಾಡಿತು. ಪ್ರತಿ ಸಲ 'ಇಲ್ಲ' ಒತ್ತಿ ನಾಚಿಕೆಯಾಗಿತ್ತು. ಈ ಸಲ 'ಹೌದು' ಒತ್ತಿಬಿಟ್ಟ.

ಕಿವಿಯೊಳಗೆ ಯಾರೋ ಉಸಿರೆಳೆದುಕೊಂಡರು. "ಅಯ್ಯೋ, ತಪ್ಪಾಯ್ತು. ಇನ್ನೊಂದ್ಸಲ..." ಒಂದು ಸಣ್ಣ ನಗು. "ಹೇಳಿದಾಗ ಅವರೇನಂದ್ರು?"

ಹೆಡ್‌ಫೋನ್ ಕಿತ್ತೆಸೆದು ಹೊರಗೆ ಬಂದ.

"ಏನಣ್ಣಾ, ದೆವ್ವ ಕಂಡೋರ ಹಾಗೆ?" ಅಂದಳು ಚೀಟಿ ಕೊಡುವವಳು.

"ಅಕ್ಕ ಒಳಗಿದ್ದಾಳೆ. ತಪ್ಪಾಯ್ತು ಅಂದಳು."

"ಓ, ಅದಾ! ರೆಕಾರ್ಡ್ ಮಾಡೋವಾಗ ತೊದಲಿದ್ದು. 'ಹೌದು' ಒತ್ತಿದೋರಿಗೆಲ್ಲ ಅದು ಕೇಳ್ಸತ್ತೆ. ತೆಗೆಸೋಣ ಅಂದ್ರು, ನಾನೇ ಬೇಡ ಅಂದೆ. ಅವಳ ನಗು ಅಂತ ಉಳಿದಿರೋದು ಅದೊಂದೇ." ಆಮೇಲೆ ಅವಳ ಮುಖ ಅರಳಿತು. "ಹಂಗಾದ್ರೆ ಹೇಳಿಬಿಟ್ರಾ? ಒಳ್ಳೇದಾಯ್ತು ಬಿಡಿ."

ಅವನು ಮೆಟ್ಟಿಲಿಳಿದು ಹೊರಟ. ದಾರಿಯುದ್ದಕ್ಕೂ ತಾನೇ ಬರೆದ ಬೋರ್ಡುಗಳು ತಲೆಯೆತ್ತಿ, ಅವರೇನಂದ್ರು, ಅವರೇನಂದ್ರು ಎಂದು ಕೇಳುತ್ತಿದ್ದವು.

ಇಸ್ತ್ರಿ ಅಂಗಡಿಯಲ್ಲಿ ಅವಳು ಅವನದೇ ಮದುವೆಯ ಅಂಗಿ ಹಾಸಿಕೊಂಡಿದ್ದಳು. "ಬಂದ್ರಾ ಬೋರ್ಡ್ ಸಾಹೇಬ್ರು? ಮುಖ ಯಾಕೆ ಇಸ್ತ್ರಿನೇ ಕಾಣದ ಅಂಗಿ ಥರ ಇದೆ?"

"ನಾನು ದಿನಾ ಮಾತ್ರೆ ನುಂಗ್ತೀನಲ್ಲ... ಅದು ಬಿ.ಪಿ.ಗೆ."

"ಗೊತ್ತು ಕಣ್ರೀ. ಎಷ್ಟು ಸಲ ಹೇಳ್ತೀರಿ?"

ಕಿವಿಯ ಹಿಂದೆ ಯಾರೋ ಉಸಿರೆಳೆದುಕೊಂಡಂತಾಯಿತು. ತಿರುಗಿ ನೋಡಿದ. ಗೂಟಕ್ಕೆ ತೂಗುಹಾಕಿದ ಯಾರ್ಯಾರದೋ ಬಟ್ಟೆಗಳು ಅಲುಗದೆ ನಿಂತಿದ್ದವು.

"ಅಲ್ಲ," ಅಂದ. "ತಪ್ಪಾಯ್ತು. ಇನ್ನೊಂದ್ಸಲ ಹೇಳ್ತೀನಿ."

ಹೇಳಿದ. ಕಾಯಿಲೆಯ ಹೆಸರನ್ನು ಬೋರ್ಡಿನ ಮೇಲೆ ಬರೆಯುವಂತೆ, ಒಂದಕ್ಷರವೂ ಬಿಡದೆ, ಬಿಡಿಬಿಡಿಯಾಗಿ ಹೇಳಿದ.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅಂಗಿಯ ಒಂದು ತೋಳು ನಯವಾಗಿತ್ತು. ಇನ್ನೊಂದು ಮುದುರಿಕೊಂಡೇ ಇತ್ತು, ಅವಳ ಅಂಗೈ ಅದರ ಮೇಲಿತ್ತು.